ಎಂಟನೆಯ ಕಲ್ಲುಕೂಚ

ಶ್ರೀನಿವಾಸಪುರದಲ್ಲಿ ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಸಣ್ಣ ಸ್ಕೂಲಿಗೆ ಬೀದಿಯ ಕಡೆ ಒಂದು ಹಳೆಯ ಕಲ್ಲುಗೋಡೆ ಇತ್ತು. ಎದೆಯ ಮಟ್ಟದ ಗೋಡೆ. ದನ ಕರು ಒಳಗೆ ಬಾರದಂತೆ ತಡೆಯುವುದಕ್ಕೆ ಅಷ್ಟು ಸಾಕು. ಆದರೆ ಎದುರಿಗೇ ಹುಣಸೆಹಣ್ಣಿನ ಮಂಡಿ, ದಿನಕ್ಕೆ ಇಪ್ಪತ್ತು ಗಾಡಿ ಬಂದು ನಿಲ್ಲುವ ಜಾಗ. ಗಾಡಿಯ ಮೇಲೆ ನಿಂತವನಿಗೆ ನಮ್ಮ ಅಂಗಳವೆಲ್ಲ ಅಂಗೈಯಂತೆ ಕಾಣುತ್ತಿತ್ತು. ನಾನು ಎರಡು ಮೂರು ಸಲ ಗೋಡೆಯ ಹತ್ತಿರ ಹೋಗಿ, "ಏನ್ರೀ ಅಲ್ಲಿ, ನಿಮ್ಮ ಮನೇಲಿ ಹೆಣ್ಣುಮಕ್ಕಳೇ ಇಲ್ವಾ?" ಎಂದು ಕೂಗಿದ್ದೆ. ಬಾಯಿ ಜೋರು ಎಂದು ಊರಲ್ಲಿ ಹೆಸರಾಯಿತೇ ಹೊರತು ನೋಡುವವರು ನೋಡುವುದನ್ನು ಬಿಡಲಿಲ್ಲ.

ಚಿಕ್ಕ ತರಗತಿಗಳಲ್ಲಿ ಮಕ್ಕಳು ತುಂಬಿರುತ್ತಿದ್ದರು. ಮೈನೆರೆದ ಮೇಲೆ ಒಬ್ಬೊಬ್ಬರಾಗಿ ನಿಂತುಹೋಗುತ್ತಿದ್ದರು. ಯುದ್ಧ ಶುರುವಾದ ಮರುವರ್ಷ ಮಿಡ್ಲಿಸ್ಕೂಲ್ ಪರೀಕ್ಷೆಗೆ ಕೂರುವಂಥ ಹುಡುಗಿ ನನ್ನಲ್ಲಿ ಉಳಿದಿದ್ದವಳು ಒಬ್ಬಳೇ. ಲೆಕ್ಕದಲ್ಲಿ ಚುರುಕು, ಅಕ್ಷರ ದುಂಡಗೆ. ಅವಳು ಹುಟ್ಟಿದ ತಿಂಗಳಲ್ಲೇ ತಾಯಿ ಹೋದರು, ನಾಲ್ಕು ವರ್ಷಕ್ಕೆ ತಂದೆಯೂ ಹೋದರು. ಸಾಕಿದವರು ಅಜ್ಜಿ. ಆ ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಬೀದಿಯ ಹೆಂಗಸರು ಅವಳ ಎದುರಿಗೇ ಆಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ಸೋಮವಾರ ಅವಳು ಬರಲಿಲ್ಲ. ಬುಧವಾರ ನಾನೇ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನಿಮ್ಮ ಪಾಠದ ಮೇಲೆ ನನಗೆ ದೂರಿಲ್ಲ ಮೇಷ್ಟ್ರಮ್ಮ. ನಿಮ್ಮ ಗೋಡೆ ಮೇಲೆ ದೂರು. ದೊಡ್ಡವಳಾದ ಹುಡುಗೀನ ಗಾಡಿಯವರ ಕಣ್ಣಿಗೆ ಬಿಟ್ಟು ನಾನು ನಿದ್ದೆ ಮಾಡಲಾ?"

"ಗೋಡೆ ಮೇಲಕ್ಕೆ ಮರೆ ಕಟ್ಟಿಸಿದ್ರೆ?"

"ಕಟ್ಟಿಸಿ. ಆಮೇಲೆ ಮಾತಾಡೋಣ."

ಕಟ್ಟಿಸುತ್ತೇನೆ ಎಂದು ಹೇಳಿ ಬಂದೆ. ಹೇಗೆ ಎಂಬುದು ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಯೋಚನೆಗೆ ಬಂತು. ನನ್ನ ಕೆಲಸಗಳೆಲ್ಲ ಹೀಗೆಯೇ.

ನಮ್ಮ ಕಡೆ ಹೊಲದ ಬೇಲಿಗೆ ಮರದ ಗೂಟ ನೆಡುವವರು ಕಡಿಮೆ. ಬಂಡೆಯಿಂದ ಸೀಳಿ ತೆಗೆದ ಉದ್ದನೆಯ ಕಲ್ಲಿನ ಕಂಬಗಳನ್ನೇ ನೆಡುತ್ತಾರೆ. ಅವಕ್ಕೆ ಕಲ್ಲುಕೂಚ ಎನ್ನುತ್ತಾರೆ. ಬೈರಕೂರಿನಲ್ಲಿ ಮಾವಿನ ತೋಪಿಗೆ ಬೇಲಿ ಹಾಕಿ ಮಿಕ್ಕಿದ್ದ ಎಂಟು ಕೂಚಗಳನ್ನು ನನ್ನ ಚಿಕ್ಕ ತರಗತಿಯ ಒಂದು ಮಗುವಿನ ಸೋದರಮಾವ ಎರಡು ಗಾಡಿಯಲ್ಲಿ ಹೇರಿಸಿ ಕಳಿಸಿದರು. ಗೋಡೆಯ ಒಳಮೈಗೆ ಒತ್ತಿ ಅವನ್ನು ನಿಲ್ಲಿಸುವುದು, ಒಂದರಿಂದ ಒಂದಕ್ಕೆ ಬಿದಿರಿನ ತಡಿಕೆ ಕಟ್ಟುವುದು, ಅಷ್ಟೇ ಎಂದು ನಾನು ಎಣಿಸಿದ್ದೆ. ಕಲ್ಲುಕೆಲಸದ ಯಜಮಾನರು ಬಂದು ಹಾರೆ ಹಾಕಿ ನೋಡಿದರು. ಒಂದೂವರೆ ಅಡಿಗೆ ಠಣ್ ಎಂದಿತು. ಕೆಳಗೆ ಹಾಸುಬಂಡೆ.

"ಅಮ್ಮಗಾರೂ, ಇಷ್ಟು ಆಳಕ್ಕೆ ಕೂಚ ನಿಲ್ಲಲ್ಲ. ಒಂದು ಗಾಳಿಗೆ ಮಕ್ಕಳ ಮೇಲೆ ಬೀಳುತ್ತೆ. ಗೋಡೆಗೇ ಕಟ್ಟಬೇಕು."

"ಹಗ್ಗದಲ್ಲಾ?"

ಅವರು ನಕ್ಕರು. ತೆಲುಗು ಮನೆಮಾತಿನ ಮನುಷ್ಯ. ನಗುವಾಗ "ಅಯ್ಯೋ ರಾಮಾ" ಎನ್ನುತ್ತಿದ್ದರು. ಆಮೇಲೆ ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ತೋರಿಸಿದರು. ಪ್ರತಿ ಕೂಚದ ಎದುರಿಗೆ ಗೋಡೆಯ ಮೇಲಿನ ಸಾಲಿನಲ್ಲಿ ಹಳೆಯ ಕಲ್ಲು ಬಿಚ್ಚಿ, ಗೋಡೆಯ ದಪ್ಪಕ್ಕೆ ಸರಿಯಾದ ಒಂದೇ ದೊಡ್ಡ ಕಲ್ಲನ್ನು ಗಾರೆಯಲ್ಲಿ ಕೂರಿಸಬೇಕು. ಅದರ ನೆತ್ತಿಯಲ್ಲಿ ಚಾಣದಿಂದ ಎರಡು ಕುಳಿ ತೋಡಬೇಕು. ಕಬ್ಬಿಣದ ಪಟ್ಟಿಯೊಂದು ಕೂಚವನ್ನು ತಬ್ಬಿ ಬಂದು, ಅದರ ಎರಡು ತುದಿಗಳೂ ಆ ಕುಳಿಗಳಲ್ಲಿ ಇಳಿಯಬೇಕು. ಇಳಿದ ಮೇಲೆ ಕರಗಿಸಿದ ಸೀಸ ಹೊಯ್ದರೆ ಆಯಿತು, ಇನ್ನು ನೂರು ವರ್ಷ ಅಲ್ಲಾಡುವುದಿಲ್ಲ.

ಪಟ್ಟಿಗೆ ದಾರಿಯಾಯಿತು. ಮಂಡಿಯ ಹಿಂದೆ ಮುರಿದು ಬಿದ್ದಿದ್ದ ಗಾಡಿಚಕ್ರಗಳ ಹೊರಸುತ್ತಿನ ಕಬ್ಬಿಣವನ್ನು ಕಮ್ಮಾರರು ಕಡಿದು ಬಗ್ಗಿಸಿಕೊಟ್ಟರು. ಯಾರ ಕಣ್ಣಿಗೆ ಮರೆ ಕಟ್ಟುತ್ತಿದ್ದೆವೋ ಆ ಗಾಡಿಯವರೇ ಚಕ್ರಗಳನ್ನು ಹೊತ್ತು ತಂದುಕೊಟ್ಟರು, ಪಾಪ. ಕಷ್ಟ ಬಂದದ್ದು ಸೀಸಕ್ಕೆ. ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಅದು ಕಣ್ಣಿಗೂ ಬೀಳುತ್ತಿರಲಿಲ್ಲ. ಕೋಲಾರದವರೆಗೂ ಹೇಳಿ ಕಳಿಸಿದೆ, ಇಲ್ಲ ಎಂದು ಬಂತು.

ಆಗ ಕಲಾಯಿ ಸಾಬರನ್ನು ಕೇಳಿದೆ. ಊರಿನ ತಾಮ್ರ ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವ ಕಲಾಯಿ ಕೆಲಸವೆಲ್ಲ ಅವರದೇ. ಐವತ್ತು ದಾಟಿದ್ದ ವಯಸ್ಸು, ಮೆದು ಮಾತು. ಬೀದಿಯ ಮೂಲೆಯಲ್ಲಿ ಕುಳಿ ತೋಡಿ ತಿದಿ ಹೂಡಿ ಕೂತರೆಂದರೆ, ಕಪ್ಪಗೆ ಹೋದ ಪಾತ್ರೆ ಅವರ ಕೈಯಿಂದ ಬೆಳ್ಳಿಯಂತೆ ಎದ್ದು ಬರುತ್ತಿತ್ತು.

"ಸೀಸ ಇಲ್ಲ ಮೇಷ್ಟ್ರಮ್ಮ," ಎಂದರು. "ತವರ ಆದ್ರೂ ನಡೆಯುತ್ತೆ. ಆದ್ರೆ ಅಷ್ಟು ತವರ ನನ್ನ ಹತ್ರ ಎಲ್ಲಿದೆ? ಕರಗಿದ ಸಾರಿನ ಚೊಂಬು ಯಾರ ಮನೇಲಾದ್ರೂ ಇದ್ರೆ ಕೇಳಿ ನೋಡಿ."

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಸಾರು ಕಾಯಿಸುವುದಕ್ಕೆ ತವರದ ಚೊಂಬು ಇರುತ್ತಿತ್ತು. ಅದರಲ್ಲಿ ಕಾಯಿಸಿದ ಸಾರಿನ ರುಚಿಯೇ ಬೇರೆ. ಆದರೆ ಒಳಗೆ ನೀರಿಲ್ಲದೆ ಒಲೆಯ ಮೇಲಿಟ್ಟು ಆ ಕಡೆ ತಿರುಗಿದಿರೋ, ಚೊಂಬು ಮೆತ್ತಗಾಗಿ ಕೂತು ಕರಗಿ ಬೂದಿಯೊಳಗೆ ಇಳಿದುಬಿಡುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಒಂದು ಸಲವಾದರೂ ಈ ತಪ್ಪು ಮಾಡದೆ ಇರುತ್ತಿರಲಿಲ್ಲ. ಬೂದಿಯಿಂದ ಆ ಗಟ್ಟಿಯನ್ನು ಕೆದಕಿ ತೆಗೆದು ಅತ್ತೆಯ ಕಣ್ಣಿಗೆ ಬೀಳದಂತೆ ಎಲ್ಲಾದರೂ ತುರುಕುತ್ತಿದ್ದರು. ಚೊಂಬು ಎಲ್ಲಿ ಎಂದು ಕೇಳಿದರೆ ಬಾವಿಗೆ ಬಿತ್ತು ಎನ್ನುತ್ತಿದ್ದರು. ಆ ಕಾಲದ ಬಾವಿಗಳಲ್ಲಿ ಅಷ್ಟು ಚೊಂಬು ನಿಜವಾಗಿ ಬಿದ್ದಿದ್ದರೆ ನೀರಿಗೆ ಜಾಗವೇ ಇರುತ್ತಿರಲಿಲ್ಲ.

ನಾನು ಮನೆಮನೆಗೆ ಹೋಗಿ ಹೆಂಗಸರ ಕಿವಿಯಲ್ಲಿ ಹೇಳಿ ಬಂದೆ. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಒಬ್ಬರು ಬಂದರು. ಆಮೇಲೆ ದಿನಕ್ಕೆ ಇಬ್ಬರು ಮೂವರು. ಮೊಮ್ಮಕ್ಕಳು ಕಂಡವರೂ ಇದ್ದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅಟ್ಟದ ಮೇಲೆ ಹರಕು ಚಾಪೆಯಲ್ಲಿ ಸುತ್ತಿಟ್ಟ ಗಟ್ಟಿಯನ್ನು ಬಾಗಿಲ ಕಡೆ ತಿರುಗಿ ನೋಡಿಯೇ ಕೊಡುತ್ತಿದ್ದರು. "ಯಾರಿಗೂ ಹೇಳಬೇಡಿ ಮೇಷ್ಟ್ರಮ್ಮ" ಎಂದು ಒಬ್ಬೊಬ್ಬರೂ ಹೇಳಿದರು. ಹಾಗೆ ಹೇಳಿ ನಗುತ್ತಿದ್ದರು. ಆ ವಾರ ನಾನು ತುಂಬ ಸಂತೋಷವಾಗಿದ್ದೆ.

ಮೊದಲ ಕೂಚ ನಿಲ್ಲಿಸುವ ದಿನ ಅಜ್ಜಿಯನ್ನು ಕರೆದೆ. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದದ್ದಾಯಿತು. ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. ಹತ್ತಾರು ಹೆಂಗಸರು ಸೇರಿದ್ದರು. ಅವರಲ್ಲಿ ಯಾರೋ, "ಇವಳಿಗೋಸ್ಕರ ಇಷ್ಟೆಲ್ಲಾ. ಕಾಲ್ಗುಣ ನೋಡ್ಕೊಂಡು ಕೆಲಸ ಮಾಡಿ" ಎಂದರು. ಅಜ್ಜಿಯ ಮುಖ ಬಿಗಿಯಿತು. ಅಷ್ಟು ಜನರ ಎದುರಿಗೆ ಕೂಚದ ಮೇಲೆ ಕೈಯಿಟ್ಟರು.

"ದೇವರ ಮೇಲೆ ಆಣೆ. ಈ ಎಂಟು ಕಲ್ಲು ನಿಲ್ಲೋದರೊಳಗೆ ಇವಳ ದೆಸೆಯಿಂದ ಯಾರಿಗಾದರೂ ಒಂದು ಕೆಡುಕಾದರೆ ಅವತ್ತಿಗೆ ಇವಳ ಓದು ಮುಗೀತು. ಆಗದೇ ಇದ್ರೆ ಇವಳು ಪರೀಕ್ಷೆ ಬರೀತಾಳೆ. ಆಮೇಲೆ ಯಾರೂ ಕಾಲ್ಗುಣದ ಮಾತು ಎತ್ತಕೂಡದು."

ಇಂಥ ಮಾತನ್ನು ದೇವರ ಹೆಸರಲ್ಲಿ ಆಡಿಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಹುಡುಗಿ ತಲೆ ತಗ್ಗಿಸಿ, ಬೆರಳಿಗೆ ಅಂಟಿದ್ದ ಅರಿಶಿನವನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು.

ಕೂಚಗಳಿಗೆ ಎದುರಾಗಿ ಎಂಟು ದೊಡ್ಡ ಕಲ್ಲುಗಳೂ ಗೋಡೆಯಲ್ಲಿ ಕೂತವು. ಹೋಗುವ ಮುಂಚೆ ಯಜಮಾನರು ನನಗೆ ಎರಡು ಮಾತು ಹೇಳಿದರು. ಇಪ್ಪತ್ತೊಂದು ದಿನ ಗಾರೆ ಒಣಗಬಾರದು, ಹೊತ್ತುಹೊತ್ತಿಗೆ ನೀರು ಹಾಕಿಸಿ ಎಂಬುದು ಒಂದು. ಕುಳಿಗಳಿಗೆ ತೆಂಗಿನ ನಾರು ತುರುಕಿದ್ದೇನೆ, ಅದರೊಳಕ್ಕೆ ಮಾತ್ರ ಹನಿ ನೀರೂ ಹೋಗಬಾರದು ಎಂಬುದು ಇನ್ನೊಂದು. ನಾನು ಮೊದಲನೆಯದನ್ನು ಹುಡುಗಿಗೆ ಹೇಳಿದೆ. ಎರಡನೆಯದನ್ನು ಹೇಳಲಿಲ್ಲ. ಆ ಹೊತ್ತಿಗೆ ಯಾರೋ ಚಿಕ್ಕ ಮಗು ಬಿದ್ದು ಅಳುತ್ತಿತ್ತು, ಎತ್ತಿಕೊಳ್ಳಲು ಓಡಿದೆ, ಮರೆತೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಅವಳಂತೂ ನೀರು ಹಾಕುವುದನ್ನು ವ್ರತದಂತೆ ಹಿಡಿದಳು. ಪಾಠಕ್ಕಲ್ಲದಿದ್ದರೂ ಆ ಕೆಲಸಕ್ಕೆ ಅಜ್ಜಿ ಕಳಿಸುತ್ತಿದ್ದರು: ಗಾಡಿಗಳು ಬರುವ ಮುಂಚೆ ಬೆಳಿಗ್ಗೆ ಒಂದು ಸಲ, ಮಂಡಿಯವರು ಊಟಕ್ಕೆ ಹೋದಾಗ ಒಂದು ಸಲ, ಗಾಡಿಗಳು ಹೋದ ಮೇಲೆ ಸಂಜೆ ಒಂದು ಸಲ. ಬಾವಿಯಿಂದ ಹಿತ್ತಾಳೆ ಚೊಂಬಿನಲ್ಲಿ ತಂದು ಗೋಡೆಯ ಉದ್ದಕ್ಕೂ ಹನಿಸಿಕೊಂಡು ಹೋಗುತ್ತಿದ್ದಳು.

ತವರ ಹೊಯ್ಯುವ ದಿನವನ್ನು ಕೆಲಸದವರ ಅನುಕೂಲಕ್ಕೆ ಹದಿನೆಂಟನೆಯ ದಿನಕ್ಕೇ ಇಟ್ಟುಕೊಂಡೆವು. ಬೆಳಗಾಗುತ್ತಲೇ ಕಲಾಯಿ ಸಾಬರು ಬಂದು ಕುಳಿಗಳ ನಾರು ಕಿತ್ತರು. ಒಳಗೆ ಪಸೆ ಇತ್ತು. ಅವರು ಏನೂ ಅನ್ನದೆ ಪ್ರತಿ ಕುಳಿಯ ಬಾಯಲ್ಲೂ ಬೆರಣಿಯ ಕೆಂಡ ಇಟ್ಟು ಊದಿ ಊದಿ ಒಣಗಿಸಿದರು. ಬೆರಳು ಹಾಕಿ ನೋಡಿ ಹದಿನಾರೂ ಒಣಗಿವೆ ಎಂದ ಮೇಲೆಯೇ ಪಟ್ಟಿಗಳ ತುದಿ ಇಳಿಸಿ ತಿದಿ ಹೂಡಿದರು. ಹೆಂಗಸರ ಎಷ್ಟೋ ವರ್ಷದ ಗುಟ್ಟುಗಳೆಲ್ಲ ಮೂಸೆಯಲ್ಲಿ ಒಂದಾಗಿ ಕರಗಿದವು. ಕಬ್ಬಿಣದ ಸೌಟಿನಲ್ಲಿ ತುಂಬಿಕೊಂಡು ಬಂದು ಕುಳಿಗೆ ಹೊಯ್ದರೆ ಅದು ಹೊಳೆಯುತ್ತ ಮೇಲಕ್ಕೆ ಬಂದು ನಿಲ್ಲುತ್ತಿತ್ತು. ನೋಡುತ್ತ ನೋಡುತ್ತ ಮಂಕಾಗಿ ಗಟ್ಟಿಯಾಗುತ್ತಿತ್ತು. ಏಳು ಕೂಚ ಮುಗಿಯಿತು. ಅಜ್ಜಿಯೂ ಬಂದು ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದರು.

ಎಂಟನೆಯದರ ಮೊದಲ ಕುಳಿಗೆ ಸೌಟು ಬಗ್ಗಿಸಿದರು. ಪಟಾಕಿ ಸಿಡಿದಂಥ ಸದ್ದಾಯಿತು. ತವರ ಮೇಲಕ್ಕೆ ಚಿಮ್ಮಿತು. ಸಾಬರು ಮುಖ ತಿರುಗಿಸಿಕೊಂಡರು, ಕಣ್ಣು ಉಳಿಯಿತು. ಬಲಗೈ ಮಾತ್ರ ಬೆರಳಿನಿಂದ ಮೊಣಕೈಯವರೆಗೆ ಬೆಂದುಹೋಯಿತು.

ಹುಡುಗಿ ಗೋಡೆಯ ಆ ತುದಿಯಲ್ಲಿ ಖಾಲಿ ಚೊಂಬು ಹಿಡಿದು ನಿಂತಿದ್ದಳು. ನನಗೆ ಕೂಡಲೇ ತಿಳಿಯಿತು. ಕೆಂಡ ತೆಗೆದ ಮೇಲೆ ಗಾರೆಯ ಮೇಲೆಲ್ಲ ಬೂದಿ ಉಳಿದಿತ್ತು, ಗಾರೆ ಬಿಸಿಗೆ ಒಣಗಿ ಬಿಳಿಚಿತ್ತು. ಒಣಗಬಾರದು ಎಂದು ನಾನೇ ಹೇಳಿದ್ದೆನಲ್ಲ. ಅವಳು ಆ ಕಡೆಯ ತುದಿಯಿಂದ ಬೂದಿ ತೊಳೆಯಲು ಶುರು ಮಾಡಿದ್ದಳು. ಒಂದು ಚೊಂಬು ನೀರು, ಒಂದು ಕೂಚ. ಅಷ್ಟರಲ್ಲಿ ಸಾಬರು ಅಲ್ಲಿಗೆ ಬಂದಿದ್ದರು. ಒಂದು ಗಳಿಗೆಯ ಮುಂಚೆ ತಾವೇ ಒಣಗಿಸಿ ನೋಡಿದ್ದ ಕುಳಿಯನ್ನು ಅವರು ಮತ್ತೆ ಮುಟ್ಟಿ ನೋಡಲಿಲ್ಲ. ಒಳಗೆ ಇಳಿದಿದ್ದ ನೀರಿಗೆ ಕಾದ ತವರ ತಾಗಿ ಸಿಡಿದಿತ್ತು.

ಅಜ್ಜಿ ಎದ್ದು ಬಂದರು. ಹಿಂದೆ ಹೆಂಗಸರೂ ಬಂದರು.

"ಏನಾಯ್ತು? ಯಾತರಿಂದ ಆಯ್ತು?" ಅಜ್ಜಿಯ ದನಿ ಬಿರುಸಾಗಿತ್ತು.

ಹುಡುಗಿ ಬಾಯಿ ತೆರೆದಳು. ನಾನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಾಬರು ನೋವಿಗೆ ಹಲ್ಲು ಕಚ್ಚಿ ನೆಲದ ಮೇಲೆ ಕೂತಿದ್ದರು. ಅವಳ ಮುಖ ನೋಡಿದರು, ಕೈಯಲ್ಲಿದ್ದ ಚೊಂಬು ನೋಡಿದರು. ಅಜ್ಜಿಯ ಮಾತು ಆ ಊರಲ್ಲಿ ಕೇಳದವರಿರಲಿಲ್ಲ, ಅವರೂ ಕೇಳಿದ್ದರು.

"ನಂದೇ ತಪ್ಪು ಅಮ್ಮಾ," ಎಂದರು. "ಸೌಟು ಒದ್ದೆ ಇತ್ತು. ನೋಡ್ಕೊಳ್ಳಲಿಲ್ಲ ನಾನು."

ಲೋಳೆಸರ ಕಿತ್ತು ತಂದು ಕೈಗೆ ಹಚ್ಚಿದೆ, ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸಿದೆ. ಅದನ್ನೆಲ್ಲ ಚಟಪಟನೆ ಮಾಡಿದೆ. ಜೋರು ಬಾಯಿಯವಳೆಂದು ಹೆಸರಾದ ನಾನು ಆಡಬೇಕಾದ ಮಾತನ್ನು ಮಾತ್ರ ಆಡಲಿಲ್ಲ. ಆಡಿದ್ದರೆ ಹುಡುಗಿಯ ಓದು ಅಲ್ಲಿಗೇ ಮುಗಿಯುತ್ತಿತ್ತು, ಕಾಲ್ಗುಣದ ಮಾತು ಅವಳ ಹಣೆಗೆ ಅಂಟಿ ಕೂರುತ್ತಿತ್ತು. ಇದು ನಿಜ. ಆಡದೇ ಇದ್ದುದಕ್ಕೆ ನನ್ನ ತಪ್ಪು ಹೊರಗೆ ಬರಲಿಲ್ಲ ಎಂಬುದೂ ನಿಜ.

ಉಳಿದ ಎರಡು ಕುಳಿಗಳನ್ನು ಮರುದಿನ ಸಾಬರ ತಮ್ಮ ಬಂದು ತುಂಬಿದರು. ತಡಿಕೆ ಕಟ್ಟಿದ್ದಾಯಿತು. ಹುಡುಗಿ ಮತ್ತೆ ಪಾಠಕ್ಕೆ ಬಂದಳು.

ಸಾಬರು ಏನು ಕೊಟ್ಟರು ಎಂಬುದು ನನಗೆ ಆಮೇಲೆ ನಿಧಾನವಾಗಿ ತಿಳಿಯಿತು. ಕಾದ ತವರದಲ್ಲಿ ಒದ್ದೆ ಸೌಟು ಅದ್ದುವುದೆಂದರೆ ಆ ಕಸುಬಿನಲ್ಲಿ ಮೊದಲ ದಿನದ ಮಕ್ಕಳೂ ಮಾಡದ ತಪ್ಪು. ಊರವರು "ಒದ್ದೆ ಸೌಟಿನ ಸಾಬರು" ಎಂದು ಹೆಸರಿಟ್ಟು ನಕ್ಕರು. ಎರಡು ತಿಂಗಳಿಗೆ ಕೈ ಮಾಗಿತು, ಕಿರುಬೆರಳು ಮಾತ್ರ ಮಡಿಸಿದ್ದು ಬಿಚ್ಚಲಿಲ್ಲ. ಅಷ್ಟರಲ್ಲಿ ಮುಳಬಾಗಿಲಿನಿಂದ ಒಬ್ಬ ಕಲಾಯಿಯವನು ವಾರಕ್ಕೊಮ್ಮೆ ಬರತೊಡಗಿದ್ದ. ಸಾಬರು ಎಂದಿನಂತೆ ಬೀದಿಯ ಮೂಲೆಯಲ್ಲಿ ಕುಳಿ ತೋಡಿ ಕೂರುತ್ತಿದ್ದರು. ಅವರ ಮುಂದೆ ಪಾತ್ರೆಗಳು ಇರುತ್ತಿರಲಿಲ್ಲ. ನನ್ನನ್ನು ಕಂಡರೆ ಎಡಗೈ ಎತ್ತಿ ಸಲಾಂ ಮಾಡುತ್ತಿದ್ದರು. ನಾನು ಇನ್ನೊಂದು ಬೀದಿಯಿಂದ ಸ್ಕೂಲಿಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ.

ಹುಡುಗಿ ಕೋಲಾರಕ್ಕೆ ಹೋಗಿ ಪರೀಕ್ಷೆ ಬರೆದು ಬಂದಳು. ಪಾಸಾದಳು. ಸುದ್ದಿ ಬಂದ ದಿನವೇ ನಾನು ಅವರ ಮನೆಗೆ ಹೋದೆ. ಅವಳು ಗೆಳತಿಯರಿಗೆ ಹೇಳಲು ಓಡಿದ್ದಳು. ಅಜ್ಜಿ ಅಡುಗೆಮನೆಯಲ್ಲಿದ್ದರು. ಹೊಸಿಲಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಯಜಮಾನರ ಎರಡು ಮಾತು, ನಾನು ಮರೆತದ್ದು, ಚೊಂಬಿನ ನೀರು, ಸೌಟು ಒದ್ದೆ ಇರಲೇ ಇಲ್ಲ ಎಂಬುದು. ಅವರು ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದರು.

"ಅಷ್ಟು ವರ್ಷ ಕೆಲಸ ಮಾಡಿದೋರು ಒದ್ದೆ ಸೌಟು ಅದ್ದುತಾರಾ ಮೇಷ್ಟ್ರಮ್ಮ? ನನಗೆ ಅವತ್ತೇ ಗೊತ್ತಾಯ್ತು. ಇವಳ ಕೈಯಲ್ಲಿ ಚೊಂಬಿತ್ತಲ್ಲ."

"ಗೊತ್ತಿದ್ದೂ ಸುಮ್ಮನಿದ್ರಾ?"

"ದೇವರ ಮುಂದೆ ಮಾತು ಕೊಟ್ಟೋಳು ನಾನು. ಗೊತ್ತು ಅಂದ್ರೆ ಇವಳನ್ನ ಬಿಡಿಸಬೇಕಾಗಿತ್ತು. ಅವರು ತಮ್ಮ ಮೇಲೆ ಹಾಕ್ಕೊಂಡರು. ನಾನು ನಂಬಿದೋಳ ಹಾಗೆ ಇದ್ದುಬಿಟ್ಟೆ. ಪಾಪ ಇದ್ರೆ ನನಗಿರಲಿ."

"ಹಾಗಾದ್ರೆ ಅವರಿಗೇ ಪಾತ್ರೆ ಕೊಡಬಹುದಿತ್ತಲ್ಲ?"

"ಹೇಗೆ ಕೊಡಲಿ? ಕೊಟ್ಟ ದಿನವೇ ಊರು ಕೇಳ್ತಿತ್ತು, ಕೆಲಸ ಬರದೋರಿಗೆ ಯಾಕೆ ಕೊಟ್ಟೆ, ನಿನಗೇನೋ ಗೊತ್ತಿರಬೇಕು ಅಂತ. ಆ ಮುಳಬಾಗಿಲಿನೋನಿಗೆ ಕೊಡೋಕೂ ಮನಸ್ಸು ಒಪ್ಪಲಿಲ್ಲ."

ಅವರು ಗೋಡೆಯ ಕಡೆ ಕೈ ತೋರಿಸಿದರು. ಮನೆಯ ತಾಮ್ರ ಹಿತ್ತಾಳೆ ಪಾತ್ರೆಗಳೆಲ್ಲ ಅಲ್ಲಿ ಬೋರಲು ಹಾಕಿದ್ದವು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಬಿಡುತ್ತದೆ, ತಿನ್ನುವ ಹಾಗಿಲ್ಲ. ಒಲೆಯ ಮೇಲೆ ಇದ್ದದ್ದು ಮಣ್ಣಿನ ಮಡಕೆ. ಅಷ್ಟು ತಿಂಗಳೂ ಅವರು ಮಡಕೆಯಲ್ಲೇ ಬೇಯಿಸಿದ್ದರು.

"ಇವಳು ಪಾಸಾದಳು. ಇನ್ನು ಯಾರಿಗೂ ಹೆದರೋದಿಲ್ಲ. ನಾಳೆ ಎಲ್ಲಾ ಪಾತ್ರೇನೂ ಇವಳ ಕೈಲೇ ಅವರಿಗೆ ಕಳಿಸ್ತೀನಿ," ಎಂದರು. ಆಮೇಲೆ ಕೇಳಿದರು, "ನೀವು ಯಾರ ಹತ್ರ ಮಾಡಿಸಿದ್ರಿ ಮೇಷ್ಟ್ರಮ್ಮ?"

ಕೊಂಕಿಲ್ಲದೆ, ಸುಮ್ಮನೆ ಕೇಳಿದ ಮಾತು ಅದು. ನಾನು ಹೊತ್ತಾಯಿತು ಎಂದು ಎದ್ದೆ. ಇಷ್ಟು ಹೊತ್ತು ಇಲ್ಲಿಯೂ ಬಚ್ಚಿಟ್ಟಿದ್ದೆ, ಈಗ ಬರೆಯುತ್ತೇನೆ: ನಾನು ಮುಳಬಾಗಿಲಿನವನಿಗೆ ಕೊಟ್ಟಿದ್ದೆ. ಎರಡು ಸಲ. ಸಾಬರ ಮುಂದೆ ಪಾತ್ರೆ ಹಿಡಿದು ನಿಂತು ಅವರ ಕೈ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅಂದು ಸಂಜೆ ಮನೆಯಲ್ಲಿದ್ದ ದೊಡ್ಡ ತಪ್ಪಲೆಯನ್ನು ಎತ್ತಿಕೊಂಡು ಸಾಬರ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ನಡೆದೆ. ಅವರು ಬಾಗಿಲಲ್ಲೇ ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಎರಡು ಕೈಯಿಂದ ತಪ್ಪಲೆಯನ್ನು ತೆಗೆದುಕೊಂಡು ಬೆಳಕಿಗೆ ಓರೆ ಮಾಡಿ ಒಳಗೆ ನೋಡಿದರು. ಮಡಿಸಿದ ಕಿರುಬೆರಳು ಒಂದನ್ನು ಬಿಟ್ಟು ಉಳಿದ ಬೆರಳುಗಳಿಂದ ತಳವನ್ನು ಸುತ್ತ ಸವರಿದರು.

"ಇದಕ್ಕೆ ಇನ್ನೂ ಆರು ತಿಂಗಳು ಕಲಾಯಿ ಬೇಕಿಲ್ಲ ಮೇಷ್ಟ್ರಮ್ಮ," ಎಂದರು. "ಯಾರು ಮಾಡಿದ್ದು? ಒಳ್ಳೆ ಕೆಲಸ."